ಉಕ್ತಲೇಖನದ ಚರಿತ್ರೆ: ಲಿಪಿಕಾರನಿಂದ ಯಂತ್ರದವರೆಗೆ

1

ಒಬ್ಬನು ನುಡಿಯುವುದು, ಇನ್ನೊಬ್ಬನು ಅದನ್ನು ಬರೆಹಕ್ಕೆ ಇಳಿಸುವುದು. ಈ ಕ್ರಮಕ್ಕೆ ನಮ್ಮಲ್ಲಿ ಉಕ್ತಲೇಖನವೆಂದು ಹೆಸರು. ಶಾಲೆಯ ಮಕ್ಕಳಿಗೆ ಕಾಗುಣಿತವನ್ನು ರೂಢಿಸುವ ಒಂದು ಅಭ್ಯಾಸವೆಂದೇ ಈ ಮಾತನ್ನು ಸಾಮಾನ್ಯವಾಗಿ ಗ್ರಹಿಸುತ್ತೇವೆ. ಆದರೆ ಬರೆಹದ ಚರಿತ್ರೆಯಲ್ಲಿ ಉಕ್ತಲೇಖನಕ್ಕಿರುವ ಸ್ಥಾನ ಇದಕ್ಕಿಂತ ಬಹಳ ಹಿರಿದು. ಇಂದು ಅಂಗೈಯಗಲದ ಫೋನಿನ ಮುಂದೆ ಕನ್ನಡದಲ್ಲಿ ಮಾತನಾಡಿದರೆ ಮಾತು ಅಕ್ಷರವಾಗಿ ಮೂಡುತ್ತದೆ. ಇದನ್ನು ಹಿಂದೆಂದೂ ಕಾಣದ ಪವಾಡವೆಂದು ಕೆಲವರು ಕೊಂಡಾಡುತ್ತಾರೆ. ಬರೆಹದ ಶಿಸ್ತನ್ನು ಕೆಡಿಸುವ ಸೋಮಾರಿತನವೆಂದು ಮತ್ತೆ ಕೆಲವರು ಹಳಿಯುತ್ತಾರೆ. ಎರಡು ಅಭಿಪ್ರಾಯಗಳೂ ಚರಿತ್ರೆಯನ್ನು ಮರೆತು ಹುಟ್ಟಿದವುಗಳೆಂದು ನಮಗೆ ತೋರುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಈ ಚರಿತ್ರೆಯನ್ನು ಸ್ಥೂಲವಾಗಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಉಕ್ತಲೇಖನ ಯಾರಿಗೆ ಅನಿವಾರ್ಯವಾಯಿತು? ಅದರಿಂದ ದೊರೆತ ವೇಗ ಯಾವ ಬಗೆಯದು? ಬರೆದುದರಲ್ಲಿ ಉಳಿದ ತಪ್ಪನ್ನು ತಿದ್ದುವ ಹೊಣೆ ಯಾರ ಮೇಲೆ ಬಿತ್ತು? ಈ ಮೂರರಲ್ಲಿ ಕೊನೆಯದೇ ಮುಖ್ಯವಾದುದೆಂಬುದು ಮುಂದಿನ ವಿವೇಚನೆಯಿಂದ ವಿಶದವಾಗುವುದೆಂದು ನಂಬಿದ್ದೇವೆ.

2

ಭಾರತೀಯ ಪರಂಪರೆಯಲ್ಲಿ ಉಕ್ತಲೇಖನದ ಅತ್ಯಂತ ಪ್ರಸಿದ್ಧವಾದ ಕಥೆ ವ್ಯಾಸ-ಗಣಪತಿಯರದು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1966ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯು ಈ ಪ್ರಸಂಗವನ್ನು ಮೂಲಪಾಠದಲ್ಲಿ ಸೇರಿಸಿಲ್ಲ. ಆದಕಾರಣ ಇದು ಆಮೇಲೆ ಕೂಡಿಕೊಂಡ ಭಾಗವೆಂದು ಗ್ರಹಿಸಬೇಕು. ಆದರೂ ಕಥೆಯ ಸಾರ ವಿಚಾರಾರ್ಹವಾಗಿದೆ. ತನ್ನ ಲೇಖನಿ ನಡುವೆ ನಿಲ್ಲಬಾರದೆಂದು ಗಣಪತಿ ಕರಾರು ಹಾಕಿದನು. ಅರ್ಥ ತಿಳಿಯದೆ ಒಂದಕ್ಷರವನ್ನೂ ಬರೆಯಬಾರದೆಂದು ವ್ಯಾಸರು ಮರುಕರಾರು ಹಾಕಿದರು. ಲಿಪಿಕಾರನು ಕೇಳಿದ್ದು ವೇಗ, ಕರ್ತೃವು ಕೇಳಿದ್ದು ಅರ್ಥಗ್ರಹಣ. ಉಕ್ತಲೇಖನದ ಸಮಸ್ತ ಸಮಸ್ಯೆಯೂ ಈ ಎರಡು ಕರಾರುಗಳಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಕನ್ನಡದಲ್ಲಿ ಗದುಗಿನ ಕುಮಾರವ್ಯಾಸನು ತನ್ನ ಭಾರತದ ಪೀಠಿಕೆಯಲ್ಲಿ ತನ್ನ ಅಗ್ಗಳಿಕೆಗಳನ್ನು ಎಣಿಸುವಾಗ ಹಲಗೆ ಬಳಪಗಳನ್ನು ಹಿಡಿಯದಿರುವುದನ್ನೂ, ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದನ್ನೂ, ಓಲೆಯ ಮೇಲೆ ಕಂಠದ ಸಪ್ಪಳ ಎಡೆಬಿಡದೆ ಸಾಗುವುದನ್ನೂ ಹೇಳಿಕೊಂಡಿದ್ದಾನೆ. ಕರಡು ಬರೆದು ತಿದ್ದಿ ಶುದ್ಧಪ್ರತಿ ಮಾಡುವುದು ಅಂದಿನ ಸಾಮಾನ್ಯ ಪದ್ಧತಿಯಾಗಿತ್ತೆಂಬುದು ಈ ಹೆಮ್ಮೆಯ ಮಾತಿನಿಂದಲೇ ಊಹ್ಯವಾಗುತ್ತದೆ. ಎಲ್ಲರೂ ಹಾಗೆಯೇ ಬರೆಯುತ್ತಿದ್ದ ಪಕ್ಷದಲ್ಲಿ ಅದನ್ನು ಅಗ್ಗಳಿಕೆಯೆಂದು ಹೇಳಿಕೊಳ್ಳುವ ಕಾರಣವಿರಲಿಲ್ಲ. ಇನ್ನು ನಮ್ಮ ಶಾಸನಗಳಲ್ಲಿ ಪಾಠವನ್ನು ರಚಿಸಿದವನು, ಬರೆದವನು, ಕಲ್ಲಿನಲ್ಲಿ ಕಂಡರಿಸಿದವನು ಎಂದು ಬೇರೆ ಬೇರೆ ಹೆಸರುಗಳು ಎಷ್ಟೋ ಕಡೆ ದೊರೆಯುತ್ತವೆ. ನುಡಿಯುವ ಬಾಯಿಯೂ ಬರೆಯುವ ಕೈಯೂ ಒಬ್ಬನವೇ ಆಗಿರಬೇಕೆಂಬ ನಿಯಮ ಹಿಂದೆ ಎಲ್ಲಿಯೂ ಇರಲಿಲ್ಲ. ಅದು ಕಾಗದವೂ ಲೇಖನಿಯೂ ಸುಲಭವಾದ ಮೇಲೆ ಬೆಳೆದ ಈಚಿನ ಭಾವನೆ.

3

ಯೂರೋಪಿನ ಸಾಹಿತ್ಯಚರಿತ್ರೆಯಿಂದ ಮೂರು ನಿದರ್ಶನಗಳನ್ನು ಇಲ್ಲಿ ಎತ್ತಿಕೊಳ್ಳಬಹುದು. ಮೂರರಲ್ಲಿಯೂ ಉಕ್ತಲೇಖನವು ವಿಲಾಸವಲ್ಲ, ಆಪತ್ತಿನಲ್ಲಿ ಒದಗಿದ ಊರುಗೋಲು.

ಮೊದಲನೆಯದು ಜಾನ್ ಮಿಲ್ಟನ್ ಕವಿಯದು. ಆತನು 1652ರ ಹೊತ್ತಿಗೆ ಸಂಪೂರ್ಣ ಅಂಧನಾಗಿದ್ದನು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು ಆತನು ರಾತ್ರಿ ಮನಸ್ಸಿನಲ್ಲಿಯೇ ಕಟ್ಟಿಕೊಂಡು ಬೆಳಗ್ಗೆ ಬರೆಸುತ್ತಿದ್ದನು. ಬರೆಯುವವನು ಬರುವುದು ತಡವಾದರೆ, ಹಾಲು ಕರೆಯಿಸಿಕೊಳ್ಳಲು ಕಾದಿರುವ ಹಸುವಿನಂತೆ ತನ್ನ ಸ್ಥಿತಿಯೆಂದು ಹೇಳಿಕೊಳ್ಳುತ್ತಿದ್ದನೆಂದು ಹಳೆಯ ಜೀವನಚರಿತ್ರೆಯೊಂದು ತಿಳಿಸುತ್ತದೆ. ಆತನ ಸೋದರಳಿಯ ಎಡ್ವರ್ಡ್ ಫಿಲಿಪ್ಸ್ ಬರೆದಿಟ್ಟ ಸಂಗತಿ ಇನ್ನೂ ಉಪಯುಕ್ತವಾದುದು. ಹತ್ತು, ಇಪ್ಪತ್ತು, ಮೂವತ್ತು ಪಂಕ್ತಿಗಳಂತೆ ಯಾರು ದೊರೆತರೆ ಅವರ ಕೈಯಲ್ಲಿ ಬರೆಸಿದ ಹಾಳೆಗಳನ್ನು ಈತನು ಆಗಾಗ ನೋಡಿ ಕಾಗುಣಿತವನ್ನೂ ವಿರಾಮಚಿಹ್ನೆಗಳನ್ನೂ ತಿದ್ದಬೇಕಾಗುತ್ತಿತ್ತು. ಕಾವ್ಯದ ಮೊದಲನೆಯ ಸರ್ಗದ ಹಸ್ತಪ್ರತಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ ಉಳಿದಿದೆ. ಅದು ಕವಿಯ ಕೈಬರೆಹವಲ್ಲ, ಲಿಪಿಕಾರನದು.

ಎರಡನೆಯದು ರಷ್ಯದ ಕಾದಂಬರಿಕಾರ ದಾಸ್ತಯೇವ್‌ಸ್ಕಿಯದು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದನ್ನು ಒಪ್ಪಿಸದಿದ್ದರೆ ಮುಂದಿನ ಒಂಬತ್ತು ವರ್ಷಗಳ ಕಾಲ ತನ್ನ ಬರೆಹಗಳ ಹಕ್ಕು ಪ್ರಕಾಶಕ ಸ್ಟೆಲೋವ್‌ಸ್ಕಿಯ ಪಾಲಾಗುವುದೆಂಬ ಕರಾರಿಗೆ ಆತನು ಸಿಕ್ಕಿಬಿದ್ದಿದ್ದನು. ಅಕ್ಟೋಬರ್ ಮೊದಲ ವಾರದಲ್ಲಿ ಅನ್ನಾ ಸ್ನಿಟ್ಕಿನಾ ಎಂಬ ಶೀಘ್ರಲಿಪಿ ಬಲ್ಲ ತರುಣಿ ಆತನ ಮನೆಗೆ ಬಂದಳು. ಆತನು ರಾತ್ರಿ ಟಿಪ್ಪಣಿ ಮಾಡಿಕೊಂಡು ಹಗಲು ಹೇಳುತ್ತಿದ್ದನು. ಆಕೆ ಮನೆಗೆ ಹೋಗಿ ಶೀಘ್ರಲಿಪಿಯನ್ನು ಬಿಡಿಸಿ ಶುದ್ಧಪ್ರತಿ ಮಾಡಿ ಮರುದಿನ ತರುತ್ತಿದ್ದಳು. ಆತನು ಅದನ್ನು ತಿದ್ದುತ್ತಿದ್ದನು. 26 ದಿನಗಳಲ್ಲಿ ‘ಜೂಜುಕೋರ’ ಕಾದಂಬರಿ ಮುಗಿಯಿತು. ಪ್ರಕಾಶಕನು ಊರಿನಲ್ಲಿಲ್ಲದುದರಿಂದ ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀತಿ ಪಡೆಯಬೇಕಾಯಿತು. 1867ರಲ್ಲಿ ಅವರಿಬ್ಬರ ವಿವಾಹವಾಯಿತು. ಇಲ್ಲಿ ದೊರೆತ ವೇಗ ಕೇವಲ ನಾಲಿಗೆಯ ವೇಗವಲ್ಲ. ರಾತ್ರಿಯ ಸಿದ್ಧತೆ, ಶೀಘ್ರಲಿಪಿ, ಶುದ್ಧಪ್ರತಿ, ತಿದ್ದುಪಡಿ ಎಂಬ ನಾಲ್ಕು ಕೆಲಸಗಳು ಕೂಡಿ ಬಂದುದರ ಫಲ.

ಮೂರನೆಯದು ಹೆನ್ರಿ ಜೇಮ್ಸನದು. 1897ರ ಹೊತ್ತಿಗೆ ಬಲಗೈಯ ಮಣಿಕಟ್ಟಿನ ನೋವಿನಿಂದ ಬರೆಯಲಾರದೆ ಆತನು ಹೇಳಿ ಬರೆಸಲು ತೊಡಗಿದನು. ಕ್ರಮೇಣ ಬೆರಳಚ್ಚು ಯಂತ್ರದ ಮುಂದೆ ಕುಳಿತವರಿಗೆ ನೇರವಾಗಿ ಹೇಳುವುದೇ ಆತನ ಪದ್ಧತಿಯಾಯಿತು. 1907ರಲ್ಲಿ ಕೆಲಸಕ್ಕೆ ಸೇರಿದ ಥಿಯೊಡೋರಾ ಬೋಸಾಂಕೆಟ್ 1924ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದಲ್ಲಿ ಈ ಕ್ರಮವನ್ನು ವರ್ಣಿಸಿದ್ದಾಳೆ. ರೆಮಿಂಗ್ಟನ್ ಯಂತ್ರದ ಸದ್ದು ಕಿವಿಗೆ ಬೀಳದಿದ್ದರೆ ಆತನಿಗೆ ಮಾತು ಸಲೀಸಾಗಿ ಹೊರಡುತ್ತಿರಲಿಲ್ಲ. ಆತನ ಕೊನೆಯ ಕಾಲದ ಸುದೀರ್ಘವೂ ಸಂಕೀರ್ಣವೂ ಆದ ವಾಕ್ಯರಚನೆಗೆ ಈ ಅಭ್ಯಾಸವೂ ಒಂದು ಕಾರಣವೆಂದು ವಿಮರ್ಶಕರು ಅಭಿಪ್ರಾಯಪಟ್ಟಿದ್ದಾರೆ. ಬರೆಯುವ ಸಾಧನ ಬದಲಾದರೆ ಶೈಲಿಯೂ ಬದಲಾಗಬಹುದೆಂಬುದಕ್ಕೆ ಇದು ಒಳ್ಳೆಯ ದೃಷ್ಟಾಂತ.

4

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಂತ್ರಗಳು ಈ ಕ್ಷೇತ್ರಕ್ಕೆ ಕಾಲಿಟ್ಟವು. ಐಸಾಕ್ ಪಿಟ್ಮನ್ 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿಯು ಆಗಲೇ ಕಚೇರಿಗಳಲ್ಲಿ ಬೇರೂರಿತ್ತು. 1877ರ ಕೊನೆಯಲ್ಲಿ ಥಾಮಸ್ ಎಡಿಸನ್ ಫೋನೋಗ್ರಾಫನ್ನು ನಿರ್ಮಿಸಿದನು. ಮರುವರ್ಷ ‘ನಾರ್ತ್ ಅಮೆರಿಕನ್ ರಿವ್ಯೂ’ ಪತ್ರಿಕೆಯಲ್ಲಿ ಆ ಯಂತ್ರದ ಉಪಯೋಗಗಳನ್ನು ಪಟ್ಟಿಮಾಡುವಾಗ ಆತನು ಸಂಗೀತವನ್ನು ಮೊದಲಿಗೆ ಇಡಲಿಲ್ಲ. ಶೀಘ್ರಲಿಪಿಕಾರನಿಲ್ಲದೆ ಪತ್ರಗಳನ್ನು ಹೇಳಿ ಬರೆಸುವುದು ಮೊದಲನೆಯ ಉಪಯೋಗ. ಅಂಧರಿಗೆ ಓದುವ ಶ್ರಮವಿಲ್ಲದೆ ಪುಸ್ತಕಗಳನ್ನು ಕೇಳಿಸುವುದು ಎರಡನೆಯದು. ವೇಗ ಮತ್ತು ಅಶಕ್ತರ ಸೌಕರ್ಯ ಎಂಬ ಎರಡು ಉದ್ದೇಶಗಳು ಹೀಗೆ ಆರಂಭದಲ್ಲಿಯೇ ಒಟ್ಟಿಗೆ ಕಾಣಿಸಿಕೊಂಡುದು ಗಮನಾರ್ಹ. ಬೆರಳಚ್ಚು ಯಂತ್ರದ ಪೂರ್ವಚರಿತ್ರೆಯಲ್ಲಿಯೂ ಇದೇ ಸಂಗತಿ ಕಂಡುಬರುತ್ತದೆ. ಇಟಲಿಯ ಪೆಲೆಗ್ರಿನೊ ಟುರ್ರಿ ಎಂಬಾತನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಥ ಯಂತ್ರವೊಂದನ್ನು ರಚಿಸಿದುದು ಕಣ್ಣು ಕಾಣದ ಒಬ್ಬ ಮಹಿಳೆ ತನ್ನ ಪತ್ರಗಳನ್ನು ತಾನೇ ಬರೆದುಕೊಳ್ಳಲೆಂದು.

1907ರಲ್ಲಿ ಕೊಲಂಬಿಯ ಗ್ರಾಫೊಫೋನ್ ಕಂಪನಿಯು ‘ಡಿಕ್ಟಾಫೋನ್’ ಎಂಬ ಹೆಸರನ್ನು ನೋಂದಾಯಿಸಿತು. ಅಧಿಕಾರಿಯು ಮೇಣದ ಉರುಳೆಗೆ ಮಾತನಾಡುವುದು, ಬೇರೊಂದು ಕೋಣೆಯಲ್ಲಿ ಬೆರಳಚ್ಚುಗಾರ್ತಿಯು ಅದನ್ನು ಕೇಳಿ ಅಚ್ಚಿಸುವುದು ಇದರ ಕ್ರಮ. ಯಂತ್ರವು ಧ್ವನಿಯನ್ನು ಹಿಡಿದಿಟ್ಟಿತೇ ಹೊರತು ಬರೆಯಲಿಲ್ಲ. ಲಿಪಿಕಾರನು ಹೋಗಲಿಲ್ಲ, ಕಣ್ಮರೆಯಾದನು ಅಷ್ಟೆ. ಕಾಗುಣಿತವನ್ನು ತಿದ್ದಿ, ತಪ್ಪಿದ ವ್ಯಾಕರಣವನ್ನು ಸರಿಪಡಿಸಿ, ಅರ್ಥವಾಗದೆಡೆಯಲ್ಲಿ ಊಹಿಸಿ ಪತ್ರವನ್ನು ಪತ್ರವನ್ನಾಗಿ ಮಾಡುತ್ತಿದ್ದವರ ಹೆಸರು ಕಡತದಲ್ಲಿ ಉಳಿಯಲಿಲ್ಲ.

5

ಮಾತನ್ನು ಯಂತ್ರವೇ ಗುರುತಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಮಧ್ಯಭಾಗದ್ದು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮೂವರು ವಿಜ್ಞಾನಿಗಳು ‘ಆಡ್ರಿ’ ಎಂಬ ಯಂತ್ರವನ್ನು ನಿರ್ಮಿಸಿದರು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳನ್ನು ತನಗೆ ಪರಿಚಿತನಾದ ಒಬ್ಬನು ನಡುನಡುವೆ ನಿಲ್ಲಿಸಿ ಹೇಳಿದರೆ ಮಾತ್ರ ಅದು ಸರಿಯಾಗಿ ಗುರುತಿಸುತ್ತಿತ್ತು. 1962ರ ಸಿಯಾಟಲ್ ವಿಶ್ವಪ್ರದರ್ಶನದಲ್ಲಿ ಐಬಿಎಂ ಸಂಸ್ಥೆಯು ‘ಷೂಬಾಕ್ಸ್’ ಎಂಬ ಯಂತ್ರವನ್ನು ತೋರಿಸಿತು. ಅದರ ಶಬ್ದಸಂಪತ್ತು 16 ಪದಗಳು. 1969ರಲ್ಲಿ ಬೆಲ್ ಪ್ರಯೋಗಾಲಯದವನೇ ಆದ ಜಾನ್ ಪಿಯರ್ಸ್ ಈ ಸಂಶೋಧನೆಯ ವ್ಯರ್ಥತೆಯನ್ನು ಕಟುವಾಗಿ ಟೀಕಿಸಿ ಪತ್ರ ಪ್ರಕಟಿಸಿದನು. ಭಾಷೆಯ ಅರ್ಥವನ್ನು ತಿಳಿಯದ ಯಂತ್ರವು ಮಾತನ್ನು ಸರಿಯಾಗಿ ಗುರುತಿಸಲಾರದೆಂಬುದು ಆತನ ವಾದದ ತಿರುಳು. ವ್ಯಾಸರ ಕರಾರೇ ಮತ್ತೊಂದು ವೇಷದಲ್ಲಿ ಎದುರಾಯಿತೆನ್ನಬಹುದು.

ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ಸಂಸ್ಥೆಯು 1971ರಿಂದ 1976ರವರೆಗೆ ಈ ಕ್ಷೇತ್ರಕ್ಕೆ ಧನಸಹಾಯ ನೀಡಿತು. ಅದರ ಫಲವಾಗಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಹಾರ್ಪಿ’ ಎಂಬ ವ್ಯವಸ್ಥೆ ಸಿದ್ಧವಾಗಿ 1,011 ಪದಗಳನ್ನು ಗುರುತಿಸಿತು. ಅಲ್ಲಿ ಈ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದವರು ಆಂಧ್ರದಲ್ಲಿ ಹುಟ್ಟಿದ ರಾಜ್ ರೆಡ್ಡಿಯವರು. ಅವರಿಗೆ 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಇದೇ ಕಾಲದಲ್ಲಿ ಐಬಿಎಂನಲ್ಲಿ ಫ್ರೆಡರಿಕ್ ಜೆಲಿನೆಕ್ ಮತ್ತು ಆತನ ಸಂಗಡಿಗರು ಬೇರೊಂದು ದಾರಿ ಹಿಡಿದರು. ಯಂತ್ರಕ್ಕೆ ವ್ಯಾಕರಣವನ್ನು ಬೋಧಿಸುವುದನ್ನು ಬಿಟ್ಟು, ಯಾವ ಧ್ವನಿಗೆ ಯಾವ ಪದ ಸಂಭವನೀಯ, ಯಾವ ಪದದ ಹಿಂದೆ ಯಾವ ಪದ ಬರುವುದು ಸಹಜ ಎಂಬುದನ್ನು ಅಪಾರವಾದ ಬರೆಹ-ಮಾತುಗಳ ರಾಶಿಯಿಂದ ಎಣಿಸಿ ತಿಳಿಯುವ ಸಂಭಾವ್ಯತಾ ಗಣಿತವನ್ನು ಅವರು ಬಳಸಿದರು. ಯಂತ್ರವು ಅರ್ಥವನ್ನು ತಿಳಿಯಲಿಲ್ಲ. ಅರ್ಥವನ್ನು ತಿಳಿದವರು ಸಾಮಾನ್ಯವಾಗಿ ಹೇಗೆ ಬರೆಯುತ್ತಾರೆಂಬುದನ್ನು ಎಣಿಸಿಟ್ಟುಕೊಂಡಿತು. 1980ರ ದಶಕದ ಮಧ್ಯದಲ್ಲಿ ಈ ತಂಡವು ರೂಪಿಸಿದ ಉಕ್ತಲೇಖನ ವ್ಯವಸ್ಥೆ 20,000 ಪದಗಳನ್ನು ಬಲ್ಲದಾಗಿತ್ತು. ಬೆರಳಚ್ಚಿನ ವೇಗಕ್ಕೆ ಹೆಸರಾದ ಆಲ್ಬರ್ಟ್ ಟಂಗೋರನ ಹೆಸರನ್ನೇ ಅದಕ್ಕೆ ಇಟ್ಟರು.

ಜೇಮ್ಸ್ ಬೇಕರ್ ಮತ್ತು ಜಾನೆಟ್ ಬೇಕರ್ ದಂಪತಿಗಳು 1982ರಲ್ಲಿ ಸ್ಥಾಪಿಸಿದ ಡ್ರ್ಯಾಗನ್ ಸಂಸ್ಥೆಯು 1990ರಲ್ಲಿ ‘ಡ್ರ್ಯಾಗನ್ ಡಿಕ್ಟೇಟ್’ ಎಂಬ ತಂತ್ರಾಂಶವನ್ನು ಮಾರಾಟಕ್ಕೆ ತಂದಿತು. ಪ್ರತಿಯೊಂದು ಪದದ ಬಳಿಕ ಚಣಕಾಲ ನಿಲ್ಲಬೇಕಾಗಿತ್ತು. ಬೆಲೆಯೂ ಸಾವಿರಾರು ಡಾಲರುಗಳು. ವೇಗವನ್ನಷ್ಟೇ ಬಯಸುವವನಿಗೆ ಇದರಿಂದ ಪ್ರಯೋಜನ ಸ್ವಲ್ಪವೇ. ಕೈ ಸೋತವರು, ಬೆರಳುಗಳಲ್ಲಿ ಚಲನೆಯಿಲ್ಲದವರು ಮಾತ್ರ ಈ ತೊಡಕನ್ನು ಸಹಿಸಿ ಇದನ್ನು ಬಳಸಿದರು. ಅವರ ಪಾಲಿಗೆ ನಿಧಾನವಾಗಿ ಬರೆಯುವುದೆಂದರೆ ಬರೆಯದಿರುವುದಕ್ಕಿಂತ ಎಷ್ಟೋ ಮೇಲಾಗಿತ್ತು. ಎಡೆಬಿಡದೆ ಮಾತನಾಡಬಹುದಾದ ‘ನ್ಯಾಚುರಲಿ ಸ್ಪೀಕಿಂಗ್’ ಎಂಬ ರೂಪ 1997ರಲ್ಲಿ ಹೊರಬಂದಿತು. ಮುಂದೆ 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯ, ಮೈಕ್ರೋಸಾಫ್ಟ್, ಗೂಗಲ್, ಐಬಿಎಂ ತಂಡಗಳು ಕೂಡಿ ಪ್ರಕಟಿಸಿದ ಪ್ರಬಂಧವು ಬಹುಪದರದ ಕೃತಕ ನರಜಾಲಗಳು ಹಳೆಯ ವಿಧಾನವನ್ನು ಮೀರಿಸಿದುದನ್ನು ಸ್ಥಿರಪಡಿಸಿತು. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸಹಯೋಗಿಗಳೊಡನೆ ನಡೆಸಿದ ಪರೀಕ್ಷೆಯಲ್ಲಿ ಫೋನಿನ ಮೇಲೆ ಇಂಗ್ಲಿಷನ್ನು ಬೆರಳಿನಿಂದ ಅಚ್ಚಿಸುವುದಕ್ಕಿಂತ ಹೇಳಿ ಬರೆಸುವುದು ಸುಮಾರು ಮೂರು ಪಟ್ಟು ವೇಗವೆಂದು ಕಂಡುಬಂದಿತು.

6

ಇನ್ನು ಕನ್ನಡದ ವಿಚಾರ. 2017ರ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆಯು ಧ್ವನಿಲೇಖನದ ಸೌಲಭ್ಯವನ್ನು ಹೊಸದಾಗಿ ವಿಸ್ತರಿಸಿದ ಭಾಷೆಗಳಲ್ಲಿ ಕನ್ನಡವೂ ಒಂದು. 2022ರಲ್ಲಿ ಭಾರತ ಸರ್ಕಾರವು ‘ಭಾಷಿಣಿ’ ಯೋಜನೆಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ‘ವಾಣಿ’ ಯೋಜನೆಯ ಮೂಲಕ ದೇಶದ ಜಿಲ್ಲೆ ಜಿಲ್ಲೆಗಳಿಂದ ಜನರ ಮಾತನ್ನು ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿತು. ಈ ಸಂಗ್ರಹ ಏಕೆ ಬೇಕೆಂಬುದನ್ನು ಭಾಷಾಸ್ವರೂಪದಿಂದಲೇ ತಿಳಿಯಬಹುದು.

ಕನ್ನಡದಲ್ಲಿ ಪ್ರತ್ಯಯಗಳೂ ಸಂಧಿಗಳೂ ಪದಕ್ಕೆ ಅಂಟಿಕೊಳ್ಳುತ್ತವೆ. ‘ಮನೆಯಲ್ಲಿದ್ದವರಿಗೂ’ ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದೇ ಭಾವಕ್ಕೆ ಹಲವು ಬಿಡಿಪದಗಳು ಬೇಕು. ಆದುದರಿಂದ 20,000 ಪದಗಳ ಪಟ್ಟಿ ಇಂಗ್ಲಿಷಿಗೆ ಒದಗಿದಷ್ಟು ಕನ್ನಡಕ್ಕೆ ಒದಗಲಾರದು. ಎರಡನೆಯದಾಗಿ, ಆಡುವ ಕನ್ನಡಕ್ಕೂ ಬರೆಯುವ ಕನ್ನಡಕ್ಕೂ ದೂರ ಹೆಚ್ಚು. ‘ಬಂದಿದ್ದಾನೆ’ ಎಂಬ ಬರೆಹದ ರೂಪವು ಹಳೆಯ ಮೈಸೂರಿನ ಹಳ್ಳಿಯಲ್ಲಿ ‘ಬಂದವ್ನೆ’ ಎಂದಾಗುತ್ತದೆ, ಧಾರವಾಡದ ಕಡೆ ‘ಬಂದಾನ’ ಎಂದಾಗುತ್ತದೆ. ಹಾಲನ್ನು ‘ಆಲು’ ಎನ್ನುವವರೂ ಕನ್ನಡಿಗರೇ. ಹುಲಿ-ಹುಳಿಗಳ ಭೇದವಾಗಲಿ, ಅಲ್ಪಪ್ರಾಣ-ಮಹಾಪ್ರಾಣಗಳ ಭೇದವಾಗಲಿ ಎಲ್ಲರ ನಾಲಿಗೆಯಲ್ಲಿಯೂ ಒಂದೇ ತೆರನಾಗಿ ನಿಲ್ಲುವುದಿಲ್ಲ. ಯಂತ್ರವು ಯಾರ ಮಾತನ್ನು ಕೇಳಿ ಕಲಿಯುತ್ತದೆಯೋ ಅವರ ಮಾತನ್ನೇ ಸರಿಯಾಗಿ ಬರೆಯುತ್ತದೆ.

ಇದು ಬರಿಯ ಊಹೆಯಲ್ಲ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ದೊಡ್ಡ ಸಂಸ್ಥೆಗಳ ವ್ಯವಸ್ಥೆಗಳನ್ನು ಪರೀಕ್ಷಿಸಿ, ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19 ಪದಗಳೂ ಕರಿಯರ ಮಾತಿನಲ್ಲಿ ನೂರಕ್ಕೆ 35 ಪದಗಳೂ ತಪ್ಪುತ್ತವೆಯೆಂದು ತೋರಿಸಿತು. ಒಂದೇ ಇಂಗ್ಲಿಷಿನೊಳಗೆ ಇಷ್ಟು ಅಂತರವಿದ್ದರೆ ಉಳಿದ ಭಾಷೆಗಳ ಪಾಡನ್ನು ಹೇಳಬೇಕಾಗಿಲ್ಲ. 2022ರಲ್ಲಿ ಹೊರಬಂದ ‘ವಿಸ್ಪರ್’ ಎಂಬ ವ್ಯವಸ್ಥೆಯ ಶಿಕ್ಷಣಕ್ಕೆ ಬಳಸಿದ 6,80,000 ಗಂಟೆಗಳ ಧ್ವನಿಸಂಗ್ರಹದಲ್ಲಿ ಸುಮಾರು ಮೂರರಲ್ಲೆರಡು ಪಾಲು ಇಂಗ್ಲಿಷಿನದು. ಇತರ 96 ಭಾಷೆಗಳ ಲಿಪ್ಯಂತರಕ್ಕೆ ದೊರೆತುದು ಒಟ್ಟು 1,17,000 ಗಂಟೆಗಳು. ಅಲ್ಲದೆ ಈ ವ್ಯವಸ್ಥೆ ಕೆಲವೊಮ್ಮೆ ಯಾರೂ ಆಡದ ವಾಕ್ಯಗಳನ್ನು ತಾನೇ ಬರೆಯುತ್ತದೆಯೆಂದು 2024ರ ಅಧ್ಯಯನವೊಂದು ತಿಳಿಸಿದೆ. ಪರೀಕ್ಷಿಸಿದ ತುಣುಕುಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ ಹೀಗಾಯಿತು. ಮಿದುಳಿನ ಆಘಾತದಿಂದ ಮಾತು ತಡವರಿಸುವವರ ಧ್ವನಿಯಲ್ಲಿ ಅದು ಇನ್ನೂ ಹೆಚ್ಚು. ಯಾರಿಗೆ ಈ ಸಾಧನ ಅತ್ಯಗತ್ಯವೋ ಅವರಿಗೇ ಅದು ಹೆಚ್ಚು ತಪ್ಪುತ್ತದೆಯೆಂಬುದು ಶೋಚನೀಯ. ತಿಳಿಯದೆ ಬರೆಯಬಾರದೆಂದ ವ್ಯಾಸರ ಕರಾರಿನ ಬೆಲೆ ಇಲ್ಲಿ ಮನವರಿಕೆಯಾಗುತ್ತದೆ.

7

ಈ ಚರಿತ್ರೆಗೂ ನಮ್ಮ ಕಾಲೇಜುಗಳಿಗೂ ಇರುವ ಸಂಬಂಧವನ್ನು ಹೇಳಿ ಲೇಖನವನ್ನು ಮುಗಿಸುತ್ತೇವೆ. ಪರೀಕ್ಷೆಯಲ್ಲಿ ತಾನಾಗಿ ಬರೆಯಲಾರದ ವಿದ್ಯಾರ್ಥಿಗೆ ಲಿಪಿಕಾರನನ್ನು ಒದಗಿಸುವ ಪದ್ಧತಿ ನಮ್ಮಲ್ಲಿದೆ. ಕೇಂದ್ರ ಸರ್ಕಾರವು 2013ರಲ್ಲಿಯೂ 2018ರಲ್ಲಿಯೂ ಹೊರಡಿಸಿದ ಮಾರ್ಗಸೂಚಿಗಳು ಲಿಪಿಕಾರನ ಸೌಲಭ್ಯವನ್ನೂ ಗಂಟೆಗೆ 20 ನಿಮಿಷಗಳಿಗೆ ಕಡಮೆಯಿಲ್ಲದ ಹೆಚ್ಚುವರಿ ಕಾಲವನ್ನೂ ವಿಧಿಸಿದವು. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರೆಯುವಾಗ ಕೈ ಸೆಟೆದುಕೊಳ್ಳುವ ಬೇನೆಯಿಂದ ನರಳುತ್ತಿದ್ದ ಅಭ್ಯರ್ಥಿಯೊಬ್ಬನ ಪ್ರಕರಣದಲ್ಲಿ, ಅಂಗವೈಕಲ್ಯದ ಪ್ರಮಾಣ ಕಾನೂನು ಹೇಳುವ ಶೇಕಡಾ 40ನ್ನು ಮುಟ್ಟಲಿಲ್ಲವೆಂಬ ಒಂದೇ ಕಾರಣದಿಂದ ಲಿಪಿಕಾರನನ್ನು ನಿರಾಕರಿಸಲಾಗದೆಂದು ತೀರ್ಪು ನೀಡಿತು. ಹೆನ್ರಿ ಜೇಮ್ಸನ ಮಣಿಕಟ್ಟಿನ ನೋವೂ ಈ ಅಭ್ಯರ್ಥಿಯ ಬೇನೆಯೂ ಒಂದೇ ಚರಿತ್ರೆಯ ಎರಡು ಪುಟಗಳು. ಜೇಮ್ಸನು ಲಿಪಿಕಾರರಿಗೆ ಸಂಬಳ ಕೊಡಬಲ್ಲವನಾಗಿದ್ದನು. ಸಂಬಳ ಕೊಡಲಾರದವನಿಗೆ ಕಾನೂನಾಗಲಿ ಯಂತ್ರವಾಗಲಿ ನೆರವಿಗೆ ಬರಬೇಕು.

ಹಾಗೆಂದು ಯಂತ್ರವು ಲಿಪಿಕಾರನ ಸ್ಥಾನವನ್ನು ಪೂರ್ಣವಾಗಿ ತುಂಬಿತೆಂದು ಭಾವಿಸಲಾಗದು. ಕಿವಿಗೆ ಸರಿಯಾಗಿ ಕೇಳಿಸದಾಗ ಮನುಷ್ಯ ಲಿಪಿಕಾರನು ‘ಏನೆಂದಿರಿ?’ ಎಂದು ಕೇಳುತ್ತಾನೆ. ಯಂತ್ರವು ಸಾಮಾನ್ಯವಾಗಿ ಕೇಳದೆ ಊಹಿಸಿ ಬರೆದುಬಿಡುತ್ತದೆ. ಲಿಪಿಕಾರನು ಕೇಳಿದ ಗುಟ್ಟು ಒಬ್ಬನಲ್ಲಿ ಉಳಿಯುತ್ತಿತ್ತು. ಯಂತ್ರದ ಮುಂದೆ ಆಡಿದ ಮಾತು ಎಷ್ಟೋ ವೇಳೆ ದೂರದ ಗಣಕಗಳಿಗೆ ಹೋಗಿ ಅಲ್ಲಿ ಅಕ್ಷರವಾಗಿ ಮರಳುತ್ತದೆ. ಮಿಲ್ಟನ್ನನ ಹಾಳೆಗಳನ್ನು ತಿದ್ದಲು ಸೋದರಳಿಯನಿದ್ದನು, ದಾಸ್ತಯೇವ್‌ಸ್ಕಿಗೆ ಅನ್ನಾ ಇದ್ದಳು. ಈಗ ತಿದ್ದುವವನು ನುಡಿದವನೇ. ಕಣ್ಣು ಕಾಣುವವನಿಗೆ ಇದು ಸಣ್ಣ ಕೆಲಸ. ಕಾಣದವನಿಗೆ, ಬರೆದುದನ್ನು ಯಂತ್ರವೇ ಮತ್ತೆ ಓದಿ ಹೇಳಿದಾಗ, ಹುಲಿ-ಹುಳಿಗಳ ತಪ್ಪು ಕಿವಿಗೆ ಬಿದ್ದೀತು, ತಪ್ಪಿದ ವಿರಾಮಚಿಹ್ನೆ ಬೀಳದೆಯೂ ಹೋದೀತು.

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ತೋರಿಬರುತ್ತವೆ. ಉಕ್ತಲೇಖನವನ್ನು ಮುಂದಕ್ಕೆ ತಂದವರಲ್ಲಿ ಬರೆಯಲು ಶಕ್ತರಾದವರಿಗಿಂತ ಅಶಕ್ತರಾದವರ ಪಾಲು ಹಿರಿದು. ಅದರಿಂದ ಬರುವ ವೇಗವನ್ನು ನುಡಿದ ಹೊತ್ತಿನಿಂದ ಮಾತ್ರ ಅಳೆಯದೆ ತಿದ್ದಿದ ಹೊತ್ತನ್ನೂ ಕೂಡಿಸಿ ಅಳೆಯಬೇಕು. ಕನ್ನಡವು ಈ ಸಾಧನದಲ್ಲಿ ಸರಿಯಾಗಿ ನೆಲೆಗೊಳ್ಳಬೇಕಾದರೆ ಗದಗದ, ಕುಂದಾಪುರದ, ಚಾಮರಾಜನಗರದ, ಕಲಬುರಗಿಯ ಮಾತುಗಳೆಲ್ಲವೂ ಸಂಗ್ರಹವಾಗಬೇಕು. ಈ ಕೊನೆಯ ಕಾರ್ಯದಲ್ಲಿ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ನೆರವಾಗಬಲ್ಲರು. ತಮ್ಮ ಊರಿನ ಮಾತನ್ನು ಅದು ಇರುವಂತೆಯೇ ಧ್ವನಿಮುದ್ರಿಸಿ, ಬರೆಹಕ್ಕಿಳಿಸಿ, ತಿದ್ದಿ ಕೊಡುವುದು ಹಿಂದಿನ ಲಿಪಿಕಾರರ ಕೆಲಸದ ಮುಂದುವರಿಕೆಯೇ ಆಗಿದೆ. ಆ ಕೆಲಸ ನಡೆಯದೆ ಹೋದರೆ ಯಂತ್ರವು ಕೆಲವರ ಕನ್ನಡವನ್ನು ಮಾತ್ರ ಬರೆಯುತ್ತದೆ. ಉಳಿದವರು ತಮ್ಮ ಮಾತನ್ನು ಬಿಟ್ಟು ಅದಕ್ಕೆ ತಿಳಿಯುವ ಮಾತನ್ನು ಆಡಬೇಕಾಗುತ್ತದೆ.